ಆ ಮನೆಯ ಪುಣ್ಯವಂತೆ

ಒಲೆಯ ಮೇಲಿನ ಜಿಡ್ಡು ಉಗುರಿಗೂ ಬಗ್ಗಲಿಲ್ಲ. ಲಾಯರಮ್ಮ ಹಲ್ಲು ಕಚ್ಚಿ ಇನ್ನಷ್ಟು ಸೋಪು ಸುರಿದು ಉಜ್ಜಿದಳು. ಅತಿಥಿಗಳು ಬರುವುದರೊಳಗೆ ಈ ಮನೆ ಅವಳದೇ ಎಂಬಂತೆ ಕಾಣಬೇಕಿತ್ತು.

"ಪುಣ್ಯವಂತೆ. ಸರ್ಕಾರ ಮನೆ ಕೊಟ್ರೆ ಹಂದಿಗೂಡು ಮಾಡಿಟ್ಟಿದ್ದಾಳೆ."

ಗಂಡ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಯಜಮಾನನಾಗುವ ಅಭ್ಯಾಸ ಮಾಡುತ್ತಿದ್ದ. "ನಿಂಗ್ಯಾಕೆ ಹೊಟ್ಟೆಉರಿ? ಸಂಜೆ ಬೀಗದ ಕೈ ಕೊಟ್ಟು ಹೋಗೋಳು ನೀನು," ಎಂದ.

ಅವರ ನಿಜವಾದ ಮನೆ ಹಿಂದಿನ ಓಣಿಯ ತಗಡಿನ ಶೆಡ್ಡು. ಅವಳು ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ನೀರಿನ ಟ್ಯಾಂಕರಿನವನನ್ನೂ ಬಾಡಿಗೆ ಕೇಳಲು ಬಂದವನನ್ನೂ ಮಾತಿನಲ್ಲೇ ಮಣಿಸುತ್ತಿದ್ದುದರಿಂದ ಓಣಿಯವರು ಲಾಯರಮ್ಮ ಎಂದು ಕರೆಯುತ್ತಿದ್ದರು. ಆ ಬಾಯಿಯೇ ತನ್ನನ್ನು ಇಲ್ಲಿಗೆ ತಂದಿದ್ದು ಎಂದು ಅವಳು ನಂಬಿದ್ದಳು.

ವಸತಿ ಕಚೇರಿಯ ಸಾಹೇಬರು ತಾವಾಗಿಯೇ ಶೆಡ್ಡು ಹುಡುಕಿಕೊಂಡು ಬಂದಿದ್ದರು. ಬಡವರ ಮನೆಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟ ಬ್ಯಾಂಕಿನವರು ವರ್ಷಕ್ಕೊಮ್ಮೆ ಮನೆ ನೋಡಲು ಬರುತ್ತಾರೆ, ಈ ಮನೆ ಸಿಕ್ಕವಳಿಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ, ಆ ಒಂದು ದಿನ ಮನೆಯವರನ್ನು ಹೊರಗೆ ಕಳಿಸುತ್ತೇನೆ, ಅವಳ ಜಾಗದಲ್ಲಿ ನೀನು ನಿಂತುಕೋ ಎಂದಿದ್ದರು. ಹೆಸರು ಕೇಳಿದರೆ ತಾವೇ ಹೇಳುತ್ತಾರಂತೆ, ಅವಳು ಹೂಂ ಅಂದರೆ ಸಾಕಂತೆ. ತನ್ನ ಅಕ್ಕ ಇನ್ನೂ ಚೆನ್ನಾಗಿ ಮಾತಾಡುತ್ತಾಳೆ ಎಂದು ಲಾಯರಮ್ಮ ಹೇಳಿ ನೋಡಿದ್ದಳು.

"ಬೇರೆ ಯಾರೂ ಬೇಡಮ್ಮ. ನೀನೇ ಆಗಬೇಕು."

ಆ ಮಾತನ್ನು ಅವಳು ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು.

ಬದಲಿಗೆ ಹಿಂದುಗಡೆ ಏಳಲಿರುವ ಹೊಸ ಬ್ಲಾಕಿನಲ್ಲಿ ಅವಳಿಗೊಂದು ಮನೆ. ಬ್ಯಾಂಕಿನವರು ಮೆಚ್ಚಿದರೆ ಮುಂದಿನ ಕಂತು ಬರುತ್ತದೆ, ಕಂತು ಬಂದರೆ ಕಟ್ಟಡ ಏಳುತ್ತದೆ. ಅರ್ಜಿ ಹಾಕಿ ವರ್ಷಗಳೇ ಆಗಿದ್ದವು. ಅರ್ಜಿಯ ಫೋಟೊಕ್ಕೆಂದು ಅಕ್ಕನ ನೀಲಿ ಕಲ್ಲಿನ ಓಲೆ ಎರವಲು ತಂದು ಹಾಕಿಕೊಂಡಿದ್ದಳು. ಒಂದರ ತಿರುಪು ಕಳೆದಿತ್ತು. ಬಿದ್ದುಹೋದೀತೆಂದು ಕತ್ತನ್ನು ಒಂದೇ ಕಡೆ ವಾಲಿಸಿ ಕೂತಿದ್ದಳು. ಹತ್ತೂ ಬೆರಳು ಒತ್ತಿಸಿಕೊಂಡು ಕಳಿಸಿದ್ದರು. ಆಮೇಲೆ ಎಷ್ಟು ಸಲ ಹೋದರೂ ಕೌಂಟರಿನ ಗುಮಾಸ್ತ ಕಂಪ್ಯೂಟರ್ ಕುಟ್ಟಿ, ತಲೆ ಎತ್ತದೆ, "ಅರ್ಹರಲ್ಲ" ಎನ್ನುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ. ಲಾಯರಮ್ಮನ ಬಾಯಿ ನಡೆಯದ ಜಾಗ ಅದೊಂದೇ. "ಅದನ್ನ ನಾನು ನೋಡ್ಕೋತೀನಿ," ಎಂದಿದ್ದರು ಸಾಹೇಬರು.

ಹಿಂದಿನ ವರ್ಷಗಳಲ್ಲಿ ಬಂದವರು ಬಾಗಿಲಲ್ಲೇ ಫೋಟೊ ಹೊಡೆದುಕೊಂಡು ಹೋಗಿದ್ದರಂತೆ. ಈ ಸಲ ಸಾಹೇಬರ ಜೊತೆ ಬಂದದ್ದು ನರೆಗೂದಲಿನ ಒಬ್ಬ ಹೆಂಗಸು. ಸಾಹೇಬರು ಹೊರಡುವ ಆತುರ ತೋರಿದರೂ ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು, ಮನೆ ಹೇಗಿದೆ ಎಂದು ಕೇಳಿದಳು.

ಲಾಯರಮ್ಮನಿಗೆ ಸುಳ್ಳು ಹುಡುಕುವ ಕಷ್ಟವೇ ಇರಲಿಲ್ಲ. ಶೆಡ್ಡಿನಲ್ಲಿ ಏನೇನಿಲ್ಲವೋ ಅದೆಲ್ಲ ಇದೆ ಎಂದರೆ ಮುಗಿಯಿತು. ಮಳೆ ಬಂದರೆ ಪಾತ್ರೆ ಹುಡುಕಬೇಕಿಲ್ಲ ಎಂದಳು. ಸ್ನಾನ ಮಾಡುವಾಗ ಬಾಗಿಲಿಗೆ ಯಾರನ್ನೂ ಕಾವಲು ನಿಲ್ಲಿಸಬೇಕಿಲ್ಲ ಎಂದಳು. ಬ್ಯಾಂಕಿನಾಕೆ ಕನ್ನಡಕ ತೆಗೆದು ಒರೆಸಿಕೊಂಡಳು. ಮತ್ತೆ ಚೀಲಕ್ಕೆ ಕೈ ಹಾಕಿ ಅಂಗೈಯಗಲದ ಯಂತ್ರವೊಂದನ್ನು ಮೇಜಿನ ಮೇಲಿಟ್ಟಳು.

"ಹೆಬ್ಬೆರಳು ಒತ್ತಿಬಿಡಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಮನೆ ನೋಡಿ. ಕೊಟ್ಟಿರೋರೇ ಇದ್ದಾರಾ, ಬೇರೆ ಯಾರಾದ್ರೂ ಸೇರ್ಕೊಂಡಿದ್ದಾರಾ ಅಂತ ಖಾತ್ರಿ ಮಾಡ್ಕೊಳ್ಳೋದು, ಅಷ್ಟೇ."

ಗಂಡನ ನೆಟ್ಟಗಿನ ಬೆನ್ನು ಕುಸಿಯಿತು. ಲಾಯರಮ್ಮ ಸಾಹೇಬರ ಮುಖ ನೋಡಿದಳು. ಅವರು ಕಿಟಕಿಯಾಚೆ ನೋಡುತ್ತ, "ಒತ್ತಮ್ಮ, ಏನೂ ಆಗಲ್ಲ," ಎಂದರು. ಎಂಥ ಗುಂಡಿಗೆ ಈ ಮನುಷ್ಯನದು ಎಂದುಕೊಂಡಳು. ಬೆರಳಿಟ್ಟರೆ ಕೆಂಪು ದೀಪ, ಕಳ್ಳಿಯೆಂಬ ಹೆಸರು, ಹೊಸ ಬ್ಲಾಕಿನ ಮನೆಗೂ ಎಳ್ಳುನೀರು.

ಚಹಾ ಇಟ್ಟು ಬರುತ್ತೇನೆಂದು ಅಡುಗೆಮನೆಗೆ ಹೋದಳು. ಪುಣ್ಯವಂತೆಯ ಚಾಕು ಅವಳ ಒಲೆಯಷ್ಟೇ ಕೊಳಕಾಗಿದ್ದರೂ ಹರಿತವಾಗಿತ್ತು. ಹಲಗೆಯ ಮೇಲೆ ಬಲಗೈ ಹೆಬ್ಬೆರಳಿಟ್ಟು, ಉಸಿರು ಬಿಗಿಹಿಡಿದು, ಅಡ್ಡಕ್ಕೆ ಎಳೆದಳು.

ಬಟ್ಟೆ ಸುತ್ತಿದ ಬೆರಳು ಹಿಡಿದುಕೊಂಡು ಹೊರಬಂದಾಗ ಸಾಹೇಬರ ಮುಖ ಮೊದಲ ಬಾರಿ ಬಿಳಿಚಿಕೊಂಡಿತು. "ಕತ್ತೆ, ಬೆರಳು ಯಾಕೆ ಕುಯ್ಕೊಂಡೆ?" ಎಂದರು, ಅವಳಿಗೆ ಮಾತ್ರ ಕೇಳುವಂತೆ. ಉಪಕಾರಸ್ಮರಣೆ ಇಲ್ಲದವನು, ನಿನ್ನನ್ನೂ ಉಳಿಸಿದೆನಲ್ಲೋ ಎಂದು ಅವಳಿಗೆ ರೇಗಿತು.

ಬ್ಯಾಂಕಿನಾಕೆ ಎದ್ದು ಬಂದು ಗಾಯ ನೋಡಿದಳು, ತನ್ನ ಕರವಸ್ತ್ರವನ್ನೇ ಮೇಲೊಂದು ಸುತ್ತು ಸುತ್ತಿದಳು. ಆಮೇಲೆ ಮೆಲ್ಲಗೆ ಅವಳ ಎಡಗೈ ಹಿಡಿದು ಯಂತ್ರದ ಹತ್ತಿರಕ್ಕೆ ತಂದಳು.

"ಹೆದರಬೇಡಿ ತಾಯಿ. ಹತ್ತರಲ್ಲಿ ಯಾವ ಬೆರಳಾದ್ರೂ ಆಗುತ್ತೆ."

ಲಾಯರಮ್ಮ ಕಣ್ಣು ಮುಚ್ಚಿಕೊಂಡಳು. ಯಂತ್ರ ಒಮ್ಮೆ ಕುಂಯ್ ಎಂದಿತು. ಯಾರೂ ಕೂಗಾಡಲಿಲ್ಲ. "ಸರಿಯಾಗಿದೆ, ನೀವೇ," ಎಂದಳು ಬ್ಯಾಂಕಿನಾಕೆ.

ಕಣ್ಣು ಬಿಟ್ಟಳು. ಹಸಿರು ದೀಪದ ಕೆಳಗೆ, ಅಂಗೈಯಗಲದ ಪರದೆಯಲ್ಲಿ, ನೀಲಿ ಕಲ್ಲಿನ ಓಲೆ ಹಾಕಿಕೊಂಡು, ಅದೆಲ್ಲಿ ಬಿದ್ದುಹೋದೀತೋ ಎಂದು ಕತ್ತನ್ನು ಒಂದೇ ಕಡೆ ವಾಲಿಸಿ, ಆ ಮನೆಯ ಪುಣ್ಯವಂತೆ ಅವಳನ್ನೇ ನೋಡುತ್ತಿದ್ದಳು.