ಮನಸ್ಸಿಗೆ ಹತ್ತಿರದ ಹೆಸರು

"ಯಾರೋ ನನ್ನ ಹೆಸರಿನಾಗೆ ತಪ್ಪು ಪಾಸ್‌ವರ್ಡ್ ಹೊಡೆದಾರೆ ಅಂತ ಆ ಮೆಷಿನ್ನೇ ಹೇಳೈತೆ. ಸಂಜೆಯೊಳಗೆ ಕಳ್ಳನ್ನ ಹಿಡಿ. ಇಲ್ಲಾಂದ್ರೆ ಕಂಪ್ಯೂಟರ್ ಕೋಣೆ ಕೀಲಿ ಕೊಟ್ಟು ಮನೆಗೆ ನಡಿ," ಎಂದರು ಮ್ಯಾನೇಜರ್ ಹಾಲೇಶಪ್ಪ.

ಹಿದಾಯತ್ ಮೆಷಿನ್ ಮುಂದೆ ಕುರ್ಚಿ ಎಳೆದುಕೊಂಡ. ಹರಿಹರದ ಆ ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ಎಂಬತ್ತೇಳರಲ್ಲಿ. ಉಸ್ತುವಾರಿ ಅವನದು, ದಾವಣಗೆರೆಯ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ. "ಮನಸ್ಸಿಗೆ ಹತ್ತಿರದ ಹೆಸರು ಇಟ್ಕೊಳ್ರಿ, ಮರೆಯಂಗಿಲ್ಲ" ಎಂದು ಎಲ್ಲರಿಗೂ ಪಾಸ್‌ವರ್ಡ್ ಪಾಠ ಹೇಳಿದವನೂ ಅವನೇ. ತಾನು ಮಾತ್ರ ದಿನಾ ಬಿಸ್ಮಿಲ್ಲಾ ಎಂದು, ಆಚೀಚೆ ನೋಡಿ ತನ್ನದನ್ನು ಒತ್ತಿ, ತನ್ನಷ್ಟಕ್ಕೆ ನಗುವನು.

ಬಾಗಿಲಾಚೆ ಟೈಪಿಸ್ಟ್ ಸಿದ್ದೀಕಾ ಖಾರ ಮಂಡಕ್ಕಿ ಮೆಲ್ಲುತ್ತಿದ್ದಳು. ಯಾರೋ ದಿನಾ ಪೊಟ್ಟಣವೊಂದನ್ನು ಅವಳ ಮೇಜಿನ ಮೇಲಿಟ್ಟು ಮಾಯವಾಗುತ್ತಿದ್ದರು. ಯಾರೆಂದು ಕೇಳಿದರೆ ಕಚೇರಿಯ ಗಂಡಸರೆಲ್ಲ ಸೂರು ನೋಡುವರು.

ಮೂರು ಸಲ ತಪ್ಪಾದರೆ ಮೆಷಿನ್ ಆ ಹೆಸರಿಗೆ ಬೀಗ ಜಡಿಯುತ್ತಿತ್ತು. ಯಾರದಕ್ಕೂ ಬೀಗ ಬಿದ್ದಿರಲಿಲ್ಲ. ಆದರೆ ಆದ ತಪ್ಪುಗಳನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಹಿದಾಯತ್ ತೆಗೆದು ನೋಡಿದ. ಗಂಡಸರ ಹೆಸರಿಗೆಲ್ಲ ಒಂದೊಂದೇ ತಪ್ಪು, ನಿನ್ನೆ ಶುಕ್ರವಾರ ಊಟದ ಹೊತ್ತಿನಲ್ಲಿ.

"ಜಾಣ ಕಳ್ಳ, ಸಾರ್. ಒಂದೇ ಬಾಗಿಲು ಒದ್ದಿಲ್ಲ. ಒಂದೇ ಕೀಲಿ ಹಿಡ್ಕಂಡು ಎಲ್ಲರ ಬಾಗಿಲಿಗೂ ಒಂದೊಂದ್ಸಲ ಹಾಕಿ ನೋಡ್ಯಾನೆ."

"ನಿಂದಕ್ಕೂನಾ?"

ಹಿದಾಯತ್ ಎದೆ ಸೆಟೆಸಿದ. "ನಂದರ ಹತ್ರ ಸುಳಿದಿಲ್ಲ. ಒಂದೂ ತಪ್ಪಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅದರ ಅರ್ಥ ಅವನಿಗೇ ಹೊಳೆಯಿತು. ಹಾಲೇಶಪ್ಪ ಕನ್ನಡಕ ತೆಗೆದರು.

"ಊರ ಬಾಗಿಲೆಲ್ಲ ತಟ್ಟಿದೋನು ತನ್ನ ಮನೆ ಬಾಗಿಲು ಯಾಕ ತಟ್ತಾನಪ್ಪ? ಕೊಡು ಕೀಲಿ."

ಹಿದಾಯತ್ ಕೀಲಿ ಮುಂದೆ ಹಿಡಿದ. ಅಷ್ಟರಲ್ಲಿ ಸಿದ್ದೀಕಾ ಪೊಟ್ಟಣ ಹಿಡಿದೇ ಒಳಗೆ ಬಂದಳು.

"ಬ್ಯಾಡ, ಸಾರ್. ಇವರು ನಮಾಜಿಗೆ ಹೋಗಿದ್ರು. ಬಾಗಿಲು ತೆಗೆದಿತ್ತು, ನಾನೇ ಕೂತೆ. ಮಂಡಕ್ಕಿ ಇಡೋರು ಯಾರು ಅಂತ ತಿಳೀಬೇಕಿತ್ತು. ಎಲ್ಲರದಕ್ಕೂ ಒಂದೊಂದ್ಸಲ ನನ್ನ ಹೆಸರು ಹೊಡೆದೆ."

"ನಂದಕ್ಕೂನಾ? ನಂಗೆ ಮೊಮ್ಮಕ್ಕಳದಾರೆ, ತಾಯಿ."

"ಅದಕ್ಕೇ ನಿಮ್ಮದು ತಪ್ಪು ಅಂತು."

ಅವಳು ಪೊಟ್ಟಣವನ್ನು ಹಿದಾಯತ್‌ನತ್ತ ಸರಿಸಿದಳು. "ಇವರ ಬಾಗಿಲು ಮಾತ್ರ, ಸಾರ್, ಮೊದಲನೇ ಸಲಕ್ಕೇ ತೆಗೀತು."