ಕುರ್ಲಾದಲ್ಲಿ ನಿಂತ ಚುಕ್ಕೆ

“ಸೈಕಲ್ ಎಲ್ಲಿದೆ ಅಂತ ಮನೆಯಲ್ಲಿ ಕೂತವರಿಗೆ ಗೊತ್ತಾಗುತ್ತಾ ಇದರಲ್ಲಿ?”

ತಸ್ಲೀಮ ಅಂಗಡಿಯವನನ್ನು ಹಿಂದಿಯಲ್ಲಿ ಹಾಗೆ ಕೇಳಿದ್ದೇ ತಡ, ಅವಳ ಕಿವಿ ಬಿಸಿಯಾಯಿತು. ಬಾಂದ್ರಾದ ಆ ಅಂಗಡಿಯ ಗಾಜಿನ ಮೇಜಿನ ಮೇಲೆ ಹ್ಯಾಂಡಲ್ಲಿಗೆ ಸಿಕ್ಕಿಸುವ ಮೂರು ಪುಟ್ಟ ಸೈಕಲ್ ಕಂಪ್ಯೂಟರುಗಳಿದ್ದವು. ಗಂಡ ನವಾಜ ಪಕ್ಕದಲ್ಲೇ ನಿಂತಿದ್ದ. ಅವನ ರೋಡ್ ಬೈಕಿಗೆ ಉಡುಗೊರೆ ಕೊಡಿಸುತ್ತೇನೆಂದು ಅವಳೇ ಎಳೆದುಕೊಂಡು ಬಂದಿದ್ದಳು. ಉಡುಗೊರೆ ಬರೀ ನೆಪ.

ಅಂಗಡಿಯವನಿಗೆ ಇಂಥ ಹೆಂಡತಿಯರು ಹೊಸಬರಲ್ಲ. ಮುಖದಲ್ಲಿ ಏನನ್ನೂ ತೋರಿಸದೆ ಒಂದೊಂದನ್ನೇ ವಿವರಿಸಿದ. ಮೊದಲನೆಯದು ವೇಗ, ದೂರ ಬಿಟ್ಟರೆ ಬೇರೇನೂ ಹೇಳುವುದಿಲ್ಲ. ಎರಡನೆಯದಕ್ಕೆ ನಕ್ಷೆಯಿದೆ, ಆದರೆ ಬೆರಳು ಬೆವರಿದರೆ ಪರದೆ ಮಾತು ಕೇಳುವುದಿಲ್ಲ. ಮೂರನೆಯದಕ್ಕೆ ಗುಂಡಿಗಳಿವೆ, ಮಳೆಗೂ ಜಗ್ಗುವುದಿಲ್ಲ. ಮೊಬೈಲಿಗೆ ಜೋಡಿಸಿದರೆ ಸವಾರ ಹೋದಲ್ಲೆಲ್ಲ ಮನೆಯವರ ಮೊಬೈಲಿನಲ್ಲಿ ನೀಲಿ ಚುಕ್ಕೆ ಓಡುತ್ತದೆ.

“ನನಗ ಮೊದಲನೇದ ಸಾಕು. ಸ್ಪೀಡ್ ಗೊತ್ತಾದ್ರ ಆತು,” ಎಂದ ನವಾಜ.

“ಬ್ಯಾಡ್ರಿ, ಮೂರನೇದ್ ತಗೋರಿ. ನೀವು ಎಲ್ಲೆದೀರಿ ಅಂತ ನನಗ ಗೊತ್ತಾಗಬೇಕು.”

ನವಾಜ ಅವಳ ಮುಖವನ್ನೇ ನೋಡಿದ. “ಖರೇನ ಗೊತ್ತಾಗಬೇಕೇನು?”

“ಹೂಂ.”

“ಹಂಗಾದ್ರ ಇದ ಇರ್ಲಿ.”

ಅವನು ಅಷ್ಟು ಸಲೀಸಾಗಿ ಒಪ್ಪಿದ್ದೇ ಅವಳಿಗೆ ಚುಚ್ಚಿತು. ಕಳ್ಳನಾದವನು ಸ್ವಲ್ಪವಾದರೂ ಕೊಸರಾಡಬೇಡವೇ?

ಸಂಶಯಕ್ಕೆ ಕಾರಣಗಳಿದ್ದವು. ರವಿವಾರ ಬೆಳಿಗ್ಗೆ ಗೆಳೆಯರ ಜೊತೆ ಬಾಂದ್ರಾದ ತನಕ ಸೈಕಲ್ ತುಳಿಯುತ್ತೇನೆಂದು ಘಾಟ್ಕೋಪರ್‌ನಿಂದ ಹೊರಡುವವನು ವಾಪಸು ಬಂದಾಗ ನಾಷ್ಟಾ ಮುಟ್ಟುತ್ತಿರಲಿಲ್ಲ. ಹೊಟ್ಟಿ ತುಂಬೇತಿ ಎನ್ನುತ್ತಿದ್ದ. ಜರ್ಸಿಯ ಬೆನ್ನಿನ ಕಿಸೆ ಹರಿದಿತ್ತು. ಅದನ್ನು ಯಾರೋ ಹೊಲಿದುಕೊಟ್ಟಿದ್ದರು, ಸಣ್ಣ ಸಣ್ಣ ಕೈಹೊಲಿಗೆಯ ಒತ್ತಾದ ಸಾಲುಗಳಲ್ಲಿ. ಮೆಷಿನ್ನಿನದಲ್ಲ, ಹೆಣ್ಣಿನ ಕೈಯದು. ತಸ್ಲೀಮ ಅದನ್ನು ಹೆಚ್ಚು ಹೊತ್ತು ನೋಡಲಾರದೆ ಬಕೆಟ್ಟಿಗೆ ಎಸೆದಿದ್ದಳು.

ಎದುರು ಫ್ಲ್ಯಾಟಿನ ಸೋನಾಲಿ ಉರಿಯುವ ಒಲೆಗೆ ಇನ್ನಷ್ಟು ಸೌದೆ ಒಟ್ಟಿದ್ದಳು. ಇಷ್ಟು ಹೊತ್ತು ಯಾರು ಸೈಕಲ್ ಹೊಡೆಯುತ್ತಾರೆ, ಸ್ವಲ್ಪ ಗಮನ ಇಡು ಎಂದಿದ್ದಳು. ಅದೇ ಉಸಿರಿನಲ್ಲಿ, ಹಿಂದೊಮ್ಮೆ ನಿಮ್ಮ ಮನೆಗೆ ಬಂದಿದ್ದ ಕೌದಿ ಬಾಯಿಯನ್ನು, ಆ ಹೊಲಿಗೆಯ ಕೆಲಸದವಳನ್ನು, ಮತ್ತೆ ಕರೆಸು, ನನ್ನ ಹಳೆಯ ಸೀರೆಗಳಲ್ಲಿ ಅವಳು ಹೊಲಿದುಕೊಟ್ಟಿದ್ದು ಇನ್ನೂ ಗಟ್ಟಿಯಾಗಿದೆ ಎಂದೂ ಸೇರಿಸಿದ್ದಳು. ಅವಳ ನಂಬರ್ ಇಲ್ಲ ಎಂದು ತಸ್ಲೀಮ ಮಾತು ತೇಲಿಸಿದ್ದಳು.

ರವಿವಾರ ಚುಕ್ಕೆ ಹೊರಟಿತು. ಬಾಂದ್ರಾದ ಕಡೆ ಹೋಗಬೇಕಾದದ್ದು ಕುರ್ಲಾದ ಗಲ್ಲಿಯೊಂದಕ್ಕೆ ನುಗ್ಗಿ ನಿಂತುಬಿಟ್ಟಿತು. ಚಹಾ ಆರಿತು, ಚುಕ್ಕೆ ಅಲುಗಲಿಲ್ಲ.

ತಸ್ಲೀಮ ಓಢಣಿ ಹೊದ್ದು ರಿಕ್ಷಾ ಹತ್ತಿದಳು. ಕುರ್ಲಾ! ಅವಳು ಹುಟ್ಟಿ ಬೆಳೆದದ್ದು ಅಲ್ಲೇ. ಬಿಲ್ಡಿಂಗಿನಲ್ಲಿ ಒಬ್ಬರಿಗೂ ಅದನ್ನು ಹೇಳಿರಲಿಲ್ಲ. ತವರು ವಿಜಯಪುರ, ಅಮ್ಮ ಅಲ್ಲಿಯೇ ಅಕ್ಕನ ಮನೆಯಲ್ಲಿದ್ದಾಳೆ ಎಂದೇ ಎಲ್ಲರಿಗೂ ಗೊತ್ತು, ನವಾಜನಿಗೂ. ಅವನು ಅತ್ತೆಯ ಮುಖ ನೋಡಿದ್ದೂ ವಿಜಯಪುರದ ನಿಕಾದಲ್ಲೇ. ಈಗ ಅದೇ ಕುರ್ಲಾಕ್ಕೆ, ಗಂಡನ ಬೆನ್ನು ಹತ್ತಿ, ಮೊಬೈಲ್ ಹಿಡಿದು ಮುಖ ಮುಚ್ಚಿಕೊಂಡು ಹೊರಟಿದ್ದಾಳೆ. ನಾಚಿಕೆಯಿಂದ ಅವಳಿಗೆ ಡ್ರೈವರನ ಕನ್ನಡಿಯತ್ತಲೂ ನೋಡಲಾಗಲಿಲ್ಲ.

ಚಾಳಿನ ಕೊನೆಯ ಖೋಲಿಯ ಗೋಡೆಗೆ ರೋಡ್ ಬೈಕ್ ಒರಗಿತ್ತು. ಹ್ಯಾಂಡಲ್ ಮೇಲೆ ಅವಳೇ ಆರಿಸಿದ ಕಂಪ್ಯೂಟರ್. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ನವಾಜನ ನಗು, ಒಂದು ಹೆಣ್ಣುದನಿ. ತಸ್ಲೀಮ ಬಾಗಿಲ ಪರದೆಯನ್ನು ರಪ್ಪನೆ ಸರಿಸಿದಳು.

ನವಾಜ ಕೌದಿಯ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದ. ಒಲೆಯ ಮುಂದಿದ್ದವಳು ಮುದುಕಿ. ಸೆರಗಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿದ್ದಳು. ಸೋನಾಲಿ ನೆನೆಸಿಕೊಂಡಿದ್ದ ಅದೇ ಕೌದಿ ಬಾಯಿ.

ಬೈಯಲೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ತಸ್ಲೀಮಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಕಿಸೆ ಹರದಿತ್ತು, ಹೊಲಸಾಕಂತ ಈ ಗಲ್ಲ್ಯಾಗ ನಿಂತೆ,” ನವಾಜ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಇವರ ಗುರ್ತ ಹತ್ತಿದ ಮ್ಯಾಲೆ ಬಿಟ್ಟು ಹೋಗಾಕ ಆಗಲಿಲ್ಲ. ನಿನ್ನ ಕರದ್ರ ನೀ ಬರ್ತಿರಲಿಲ್ಲ. ಸಂಶೇ ಬಂದ್ರ ಬರ್ತಿ ಅಂತ ಗೊತ್ತಿತ್ತು. ಅದಕ್ಕ ಆ ಕಂಪ್ಯೂಟರಿಗೆ ಒಪ್ಪಿದೆ.”

ಮುದುಕಿ ಹಿಟ್ಟಿನ ಕೈ ಒರೆಸಿಕೊಂಡು, ಪೆಟ್ಟಿಗೆಯಿಂದ ಹೊಸ ಕೌದಿಯೊಂದನ್ನು ತೆಗೆದು ಹಾಸಿದಳು. “ಕೂಡ್ರಿ,” ಎಂದಳು ಮೆಲ್ಲಗೆ.

ಆ ಬಹುವಚನ ಕಪಾಳಕ್ಕೆ ಬಡಿದಂತಾಯಿತು. ತಸ್ಲೀಮ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಪಕ್ಕದ ಖೋಲಿಯ ಹನುಮವ್ವ ಬಾಗಿಲಲ್ಲಿ ಇಣುಕಿದಳು. “ಜೇಬುನ್ನೀಸಾ, ಯಾರ್ ಬೇ ಈಕಿ? ಮಾರಿ ನಿನ್ನಂಗ ಐತಲ್ಲ. ಮಗಳೇನು?”

ಮುದುಕಿ ತಸ್ಲೀಮಳ ಕಡೆ ನೋಡಿದಳು. ತಸ್ಲೀಮ ಓಢಣಿಯ ಅಂಚನ್ನು ಮುಖದತ್ತ ಎಳೆದುಕೊಂಡಳು. ಮುದುಕಿಯೇ ಅವಸರದಿಂದ ಮುಂದೆ ಬಂದು ಅವಳಿಗೆ ಅಡ್ಡ ನಿಂತಳು.

“ಅಲ್ಲ ಬೇ, ಗಿರಾಕಿ. ಕೌದಿ ಹೊಲಸಾಕ ಬಂದಾರ.”

ಬಿಲ್ಡಿಂಗಿನ ಬಾಗಿಲಲ್ಲಿ ಇದೇ ಮುದುಕಿಯನ್ನು ನೋಡಿ ಸೋನಾಲಿ ಮರಾಠಿಯಲ್ಲಿ “ಆಯಿ ಕಾ?”, ಅಮ್ಮನಾ, ಎಂದು ಕೇಳಿದ ದಿನ ತಸ್ಲೀಮ ಒಂದೇ ಅಕ್ಷರ ಬದಲಿಸಿ “ಬಾಯಿ”, ಕೆಲಸದವಳು, ಎಂದಿದ್ದಳು; ಮಗಳು ಆಡಿದ ಆ ಮಾತನ್ನು ಹೆತ್ತ ತಾಯಿ ಇವತ್ತೂ ಉಳಿಸಿದಳು.