ಶ್ರೀಮಂತರ ನಗುವಿನ ಪರೀಕ್ಷೆ

ಈ ವರ್ಷವೂ ನನ್ನ ನಗು ಸರಿಯಾಗಿ ಬರದಿದ್ದರೆ ಏನು ಮಾಡುವುದೆಂಬ ಭಯ ಬೆಳಗಿನಿಂದಲೂ ಇತ್ತು. ಶ್ರೀಮಂತರೆಲ್ಲ ಕಾರ್ಟೂನಿನ ಶ್ರೀಮಂತರಂತೆಯೇ ಇರಬೇಕೆಂಬ ಕಾನೂನು ಬಂದು ಹನ್ನೆರಡು ವರ್ಷವಾಯಿತು. ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದರೆ ಮನೆ ಜಪ್ತಿ.

ನೇರಳೆ ಕೋಟು ತೊಟ್ಟು, ಒಂಟಿ ಗಾಜಿನ ಕನ್ನಡಕ ಸಿಕ್ಕಿಸಿಕೊಂಡು, ಪರೀಕ್ಷಕಿ ತಂದ ಬಿಳಿ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ನಕ್ಕೆ. ಬೆಕ್ಕು ನಿದ್ದೆ ಹೋಯಿತು.

"ಏನಮ್ಮಾ ಇದು, ಬಿಕ್ಕಳಿಕೆನಾ?" ಎಂದರು ಪರೀಕ್ಷಕಿ ಗಿರಿಜಾಂಬ. "ಹೋಗ್ಲಿ, ಕೆಲಸದೋರನ್ನ ಬಯ್ದು ತೋರ್ಸಿ."

ಬಾಗಿಲಲ್ಲಿ ನಿಂತಿದ್ದ ನಮ್ಮ ಅಡುಗೆಯಾಕೆ, "ಬಯ್ದುಬಿಡಿ ಅಮ್ಮಣ್ಣಿ, ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ" ಎಂದು ಅವಸರಪಡಿಸಿದರು.

ನನಗೆ ರೇಗಿಹೋಯಿತು. "ಯಾವ ಮನೇಲಿ ಮೇಡಂ ಹೀಗಿರ್ತಾರೆ? ನಾವು ಆ ಥರದೋರಲ್ಲ. ಹತ್ತು ವರ್ಷದಿಂದ ಇವ್ರನ್ನ ಅಕ್ಕಾ ಅಂತಲೇ ಕರೀತೀವಿ!"

"ಹಂಗಾದ್ರೆ ಕಡೇ ಪ್ರಶ್ನೆ. ಅಕ್ಕನ ಹೆಸರು ಹೇಳಿ. ಹೇಳಿದ್ರೆ ಫೇಲು."

ಮನೆ ಹೋದರೆ ಹೋಗಲಿ, ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದೆ. ಗಿರಿಜಾಂಬ ಪೆನ್ನು ಹಿಡಿದು ಕಾದರು. ಬೇಳೆಯನ್ನು ಮರೆತು ಅಕ್ಕನೂ ಕಾದರು. ನಾಲಿಗೆಗೆ ಅಕ್ಕ ಎಂಬುದೊಂದೇ ಬಂತು.

"ಗೊತ್ತಿಲ್ಲ" ಎಂದೆ.